ಮೇಲೊಂದು ಪೊಟರೆ, ಕೆಳಗೊಂದು ಹುತ್ತ

ಬಿಸಿಲೆ ಎಂದು ಊರಿಗೆ ಹೆಸರಿಟ್ಟವರಿಗೆ ಕುಚೋದ್ಯದ ಬುದ್ಧಿ ಇದ್ದಿರಬೇಕು. ಜೂನ್ ಕಳೆದು ಮಳೆ ಹಿಡಿಯಿತೆಂದರೆ ಇಲ್ಲಿ ಬಿಸಿಲು ಕಂಡ ದಿನ ಜನ ಅಂಗಳಕ್ಕೆ ಬಂದು ನೋಡುತ್ತಾರೆ. ಸಕಲೇಶಪುರದಿಂದ ಹೆತ್ತೂರು, ವನಗೂರು ದಾಟಿ ಐವತ್ತು ಕಿಲೋಮೀಟರ್ ಆಸುಪಾಸು ಬಂದರೆ ಹಾಸನ ಜಿಲ್ಲೆಯ ಅಂಚಿನಲ್ಲಿ ಈ ಊರು. ಆಮೇಲೆ ರಸ್ತೆ ಕಾಡಿನೊಳಕ್ಕೆ ಧುಮುಕಿ, ಸುತ್ತಿ ಸುತ್ತಿ ಕುಳ್ಕುಂದಕ್ಕೆ, ಸುಬ್ರಹ್ಮಣ್ಯಕ್ಕೆ ಇಳಿಯುತ್ತದೆ. ಎದುರಿಗೆ 1,712 ಮೀಟರ್ ಎತ್ತರದ ಕುಮಾರಪರ್ವತ. ಈ ದಿಣ್ಣೆಯ ಪಡುವಣ ಇಳಿಜಾರಿಗೆ ಬಿದ್ದ ಮಳೆ ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಮೂಡಣಕ್ಕೆ ಬಿದ್ದದ್ದು ಹೇಮಾವತಿ, ಕಾವೇರಿ ಎಂದು ದೂರದ ಹಾದಿ ಹಿಡಿದು ಬಂಗಾಳ ಕೊಲ್ಲಿ ಮುಟ್ಟುತ್ತದೆ.

ಬೆಂಗಳೂರಿನಿಂದ ಬರುವ ಕಾರುಗಳೆಲ್ಲ ವ್ಯೂ ಪಾಯಿಂಟ್ ಹತ್ತಿರ ನಿಲ್ಲುತ್ತವೆ. ಮಂಜು ಸರಿದರೆ ಬೆಟ್ಟ ಕಾಣುತ್ತದೆ, ಸರಿಯದಿದ್ದರೆ ಮಂಜಿನದೇ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನನ್ನ ದಾರಿ ಅಲ್ಲಿಯದಲ್ಲ. ಊರು ದಾಟಿದ ಮೇಲೆ ಮೂರನೇ ತಿರುವಿನಲ್ಲಿ ಎಡಕ್ಕೊಂದು ಜೀಪಿನ ಹಾದಿ ಹೊರಳುತ್ತದೆ. ಅದರ ಕೊನೆಗೆ ನಮ್ಮ ಸೋದರಮಾವನ ತೋಟ. ಒಂದು ಕಡೆ ಕಾಫಿ, ಇನ್ನೊಂದು ಕಡೆ ಮೀಸಲು ಅರಣ್ಯ, ನಡುವೆ ಅಗಳು. ಆ ಅಗಳಿನ ಗುಂಟ ಹೆಚ್ಚೆಂದರೆ ಎರಡು ಕಿಲೋಮೀಟರ್ ಕಾಲುಹಾದಿ. ಅದನ್ನು ಈ ವರ್ಷ ಎರಡು ಸಲ ನಡೆದೆ. ಫೆಬ್ರುವರಿಯಲ್ಲಿ ಒಂದು ಗಿಳಿಯನ್ನು ನೋಡಲು, ಜುಲೈಯಲ್ಲಿ ಒಂದು ಅಣಬೆಯನ್ನು ನೋಡಲು.

"ಗಿಳಿಗೂ ಅಣಬೆಗೂ ಎಲ್ಲಿಯ ನಂಟು ಮಾರಾಯ?" ಅಂತ ಮಾವ ನಕ್ಕರು. ಫೆಬ್ರುವರಿಯಲ್ಲಿ ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಆಗ ರೊಬಸ್ಟಾ ಕೊಯ್ಲು ಮುಗಿದಿತ್ತು. ಕಣದಲ್ಲಿ ಹರವಿದ ಕಾಫಿ ಹಣ್ಣಿನ ಹುಳಿವಾಸನೆ ಬೆಳಗಿನ ಚಳಿಯ ಜೊತೆ ಮೂಗಿಗೆ ಅಡರುತ್ತಿತ್ತು. ಎಲೆ ಜೋಲಿಸಿಕೊಂಡು ಹೂಮಳೆಗೆ ಕಾಯುತ್ತಿದ್ದ ಗಿಡಗಳ ನಡುವೆ ಹಾಲುವಾಣದ ಮರಗಳು ಮಾತ್ರ ಎಲೆ ಕಳೆದುಕೊಂಡು ಕೆಂಪಗೆ ಹೂ ಬಿಟ್ಟಿದ್ದವು. ಗಿಳಿಗಳನ್ನು ಕಾಣುವ ಮೊದಲು ಕೇಳಿದೆ. ಊರ ಗಿಳಿಯ ಕೂಗಿಗಿಂತ ಒರಟು, ಎರಡೆರಡು ಸಲ ಕತ್ತರಿಸಿ ಎಸೆದಂಥ ಸದ್ದು. ಆರೇಳು ಹಕ್ಕಿಗಳು ಬಾಣದ ಹಾಗೆ ಬಂದು ಹಾಲುವಾಣದ ಮೇಲೆ ಕುಳಿತವು. ಕುಳಿತ ತಕ್ಷಣ ಸದ್ದು ನಿಂತಿತು. ಊಟದ ಹೊತ್ತಿಗೆ ಮಾತು ನಿಲ್ಲುವುದು ಮನುಷ್ಯರಲ್ಲಿ ಮಾತ್ರವಲ್ಲ.

ನೀಲಿ ರೆಕ್ಕೆಯ ಗಿಳಿ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಕೆಲವರು ಮಲಬಾರ್ ಗಿಳಿ ಎಂದೂ ಕರೆಯುತ್ತಾರೆ. ಬಾಲ ಸೇರಿ ಒಂದೂವರೆ ಗೇಣು ಉದ್ದ, ಅದರಲ್ಲಿ ಅರ್ಧ ಬಾಲವೇ. ಗಿಳಿ ಎಂದಕೂಡಲೇ ನಮ್ಮ ಕಣ್ಣಿಗೆ ಕಟ್ಟುವ ಹಸಿರು ಇದರಲ್ಲಿ ಕಡಿಮೆ. ತಲೆ, ಬೆನ್ನು, ಎದೆ ಎಲ್ಲ ಪಾರಿವಾಳದ ಬೂದು. 1830ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ ವಿಗರ್ಸ್ ಎಂಬ ಐರಿಷ್ ಪಕ್ಷಿತಜ್ಞನೂ ಅದನ್ನೇ ಗಮನಿಸಿ 'ಕೊಲಂಬಾಯ್ಡಿಸ್' ಎಂದ. ಪಾರಿವಾಳದಂಥದ್ದು ಎಂದು ಅದರ ಅರ್ಥ. ಕತ್ತಿಗೆ ಕಪ್ಪು ಪಟ್ಟಿ. ಗಂಡಾದರೆ ಆ ಪಟ್ಟಿಯ ಕೆಳಗೆ ನೀಲಿಹಸಿರಿನ ಇನ್ನೊಂದು ಸುತ್ತು, ಕೆಂಪು ಕೊಕ್ಕು. ಹೆಣ್ಣಿಗೆ ಆ ಸುತ್ತಿಲ್ಲ, ಕೊಕ್ಕೂ ಕಪ್ಪು. ರೆಕ್ಕೆ ಬಿಚ್ಚಿದಾಗಲೇ ಹೆಸರಿಗೆ ಕಾರಣವಾದ ನೀಲಿ ಹೊರಬೀಳುವುದು. ಬಾಲವೂ ನೀಲಿ, ತುದಿಯಲ್ಲಿ ಅರಿಸಿನ ಮುಟ್ಟಿಸಿದಷ್ಟು ಹಳದಿ.

ಒಂದು ಹಕ್ಕಿ ಹೂವನ್ನು ಕಿತ್ತು, ಒಂದು ಕಾಲಿನಲ್ಲಿ ಹಿಡಿದು, ತೊಟ್ಟಿನ ಕಡೆ ಕಚ್ಚಿ ಜೇನು ಹೀರಿ, ಉಳಿದದ್ದನ್ನು ಕೆಳಗೆ ಎಸೆಯುತ್ತಿತ್ತು. ಐದು ನಿಮಿಷದಲ್ಲಿ ಮರದ ಬುಡವೆಲ್ಲ ಕೆಂಪು. ಹಣ್ಣು ತಿಂದು ಬೀಜ ಉದುರಿಸುವ ಮಂಗಟ್ಟೆಗೆ ಕಾಡು ಋಣಿ. ಗಿಳಿಗೆ ಆ ಬಿರುದು ಸಲ್ಲದು. ಅದು ಬೀಜವನ್ನೇ ಒಡೆದು ತಿನ್ನುವ ಜಾತಿ.

"ಗೂಡು ನೋಡ್ಬೇಕಾ? ಬಾ," ಅಂತ ಮಾವ ಅಗಳಿನಾಚೆಯ ಒಂದು ಧೂಪದ ಮರ ತೋರಿಸಿದರು. ಅಗಳು ದಾಟುವುದು ಬೇಡ, ಅದು ಮೀಸಲು ಅರಣ್ಯ. ಈಚೆ ದಂಡೆಯಲ್ಲಿ ಕುಳಿತು ಬೈನಾಕ್ಯುಲರ್‌ನಲ್ಲಿ ನೋಡಿದರೆ ಸಾಕಾಗಿತ್ತು. ತೆಂಗಿನ ಮರದಷ್ಟು ಎತ್ತರದಲ್ಲಿ, ಮುರಿದ ಕೊಂಬೆಯ ಪಕ್ಕ, ಕಾಫಿ ಲೋಟದ ಬಾಯಿಗಿಂತ ಕೊಂಚ ದೊಡ್ಡ ತೂತು. ಸುಮಾರು ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಮಾವ ಎರಡು ಸಲ ಎಲೆಅಡಿಕೆ ಹಾಕಿಕೊಂಡರು. ಆಮೇಲೆ ಕೆಂಪು ಕೊಕ್ಕಿನದು ಬಂದು ತೂತಿನಂಚಿಗೆ ಜೋತುಬಿತ್ತು. ಒಳಗಿಂದ ಕಪ್ಪು ಕೊಕ್ಕೊಂದು ಹೊರಬಂತು. ಕೊಕ್ಕಿಗೆ ಕೊಕ್ಕು ಹಚ್ಚಿ ಗಂಡು ತಲೆ ಕುಣಿಸುತ್ತಾ ಉಣಿಸಿ ಹಾರಿಹೋಯಿತು. ಜನವರಿಯಿಂದ ಮಾರ್ಚ್ ಇವುಗಳ ಬಾಣಂತನದ ಕಾಲ. ಮೊಟ್ಟೆಗೆ ಕಾವು ಕೊಡುವುದು ಹೆಚ್ಚಾಗಿ ಹೆಣ್ಣೇ, ಮೂರು ವಾರಕ್ಕೆ ಮೇಲೆ. ಅಷ್ಟು ದಿನ ಅಡುಗೆ ಮನೆ ಗಂಡಿನದು.

ಗಟ್ಟದ ದಟ್ಟ ಕಾಡಿನಲ್ಲಿ ಈ ಗಿಳಿಗಳಿಗೆ ನಾಗಸಂಪಿಗೆಯ ಮರವೆಂದರೆ ಇಷ್ಟ. ಆದರೆ ಇಷ್ಟದ ಮಾತು ಆಮೇಲೆ. ಮೊದಲು ತೂತು ಸಿಗಬೇಕು. ಗಿಳಿಯ ಕೊಕ್ಕು ಕಾಯಿ ಒಡೆಯಲು ಸೈ, ಮರ ಕೊರೆಯಲು ಸಾಲದು. ಹೆಚ್ಚೆಂದರೆ ಇದ್ದ ಬಾಯನ್ನು ಕೆತ್ತಿ ಅಗಲ ಮಾಡಿಕೊಂಡೀತು. ಆದ್ದರಿಂದ ಅದು ಹುಡುಕುವುದು ಮರಕುಟಿಗವೋ ಕುಟ್ರು ಹಕ್ಕಿಯೋ ಕೊರೆದು, ಮರಿ ಮಾಡಿ, ಬಿಟ್ಟುಹೋದ ಹಳೇ ಮನೆಯನ್ನು. ಗಿಳಿ ಬಿಟ್ಟ ಮೇಲೆ ಅದಕ್ಕೆ ಪುಟ್ಟ ಗೂಬೆಯೊಂದು ಬಂದು ಸೇರಿಕೊಳ್ಳುವುದೂ ಉಂಟು. ಒಂದೇ ತೂತು, ಒಂದಾದ ಮೇಲೊಂದು ಸಂಸಾರ.

ಆ ಮುರಿದ ಕೊಂಬೆಯ ಕೆಳಗೆ ಇನ್ನೊಂದು ಕಂಡಿತು. ಮರದ ಮೈಗೆ ಬಟ್ಟಲು ಅಂಟಿಸಿದಂತೆ ಎರಡು ಮೂರು ಕಂದು ಅಣಬೆಗಳು, ಕಟ್ಟಿಗೆಯಷ್ಟೇ ಗಟ್ಟಿಯಾದವು. ಅವನ್ನು ಹಿಂದೆಯೂ ಎಷ್ಟೋ ಮರಗಳ ಮೇಲೆ ಕಂಡಿದ್ದೆ, ಆದರೆ ತೂತಿಗೂ ಅವಕ್ಕೂ ಗಂಟು ಹಾಕಿ ನೋಡಿರಲಿಲ್ಲ. ಮರಕುಟಿಗ ಎಷ್ಟೇ ಗಟ್ಟಿಗನಾದರೂ ಹಸಿ ತಿರುಳಿನ ಗಟ್ಟಿ ಮರವನ್ನು ಕೊರೆಯುತ್ತಾ ಕೂರುವಷ್ಟು ಪೆದ್ದನಲ್ಲ. ಗಾಳಿಗೆ ಕೊಂಬೆ ಮುರಿದು ಗಾಯವಾದ ಕಡೆ ಅಣಬೆಯ ಬೀಜಕಣ ಇಳಿದು, ವರ್ಷಾನುಗಟ್ಟಲೆ ಒಳಗೊಳಗೇ ತಿರುಳನ್ನು ಮೆತ್ತಗೆ ಮಾಡಿರುತ್ತದೆ. ಹೊರಗೆ ಮರ ಹಸಿರಾಗಿಯೇ ನಿಂತಿರುತ್ತದೆ. ಕುಟ್ಟಿ ನೋಡಿ ಸದ್ದಿನಲ್ಲೇ ಅಂಥ ಜಾಗ ಕಂಡುಹಿಡಿಯುವುದು ಮರಕುಟಿಗದ ಕಸುಬು. ಅಲ್ಲಿಗೆ ಪೊಟರೆಯ ಮೊದಲ ಬಡಗಿ ಅಣಬೆ, ಎರಡನೆಯವನು ಮರಕುಟಿಗ, ಗೃಹಪ್ರವೇಶಕ್ಕೆ ಗಿಳಿ. ಮಾವನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಹಾಗಾದರೆ ಪೊಟರೆಯಾಗಲು ಎಂಥ ಮರ ಬೇಕು? ಮುದಿ ಮರ. ಗಾಯಗೊಂಡು, ಕೊಳೆತು, ಆದರೂ ಬೀಳದೆ ನಿಂತ ಮರ. ತೋಟದೊಳಗೆ ಅಂಥವು ಕಡಿಮೆಯಾಗುತ್ತಿವೆ. ಅಗಳಿನ ಈಚೆ ನೋಡಿದರೆ ಸಾಲಾಗಿ, ನೆಟ್ಟಗೆ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದ ಮರ. ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಬೇಗ ಬೆಳೆಯುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಕಡಿದು ಮಾರಲು ಯಾರ ಅಪ್ಪಣೆಯೂ ಬೇಡ. ಅದೇ ನಂದಿ, ಹೆಬ್ಬಲಸು, ಮತ್ತಿ ಕಡಿಯಬೇಕಾದರೆ ಅರಣ್ಯ ಇಲಾಖೆಗೆ ಅರ್ಜಿ, ಅಳತೆ, ಓಡಾಟ. ಕಾಡು ಮರಗಳನ್ನು ಉಳಿಸಲು ಮಾಡಿದ ನಿಯಮವೇ ರೈತ ಕಾಡು ಮರ ನೆಡದಂತೆ ಮಾಡಿದ ಕಥೆ ಇದು. "ನಾನು ನಂದಿ ನೆಟ್ರೆ ಅದನ್ನು ಮಾರೋದು ನನ್ನ ಮೊಮ್ಮಗ, ಅದೂ ಅವನಿಗೆ ಪರ್ಮಿಶನ್ ಸಿಕ್ಕಿದ್ರೆ," ಅಂದರು ಮಾವ. ಅವರ ಮಾತಿಗೆ ಎದುರು ಹೇಳಲು ನನ್ನಲ್ಲೇನೂ ಇರಲಿಲ್ಲ, ತೋಟದ ಸಾಲ ಕಟ್ಟುವವನು ನಾನಲ್ಲವಲ್ಲ.

ಹಿಂತಿರುಗುವಾಗ ಹಾಲುವಾಣದ ಬುಡದಲ್ಲಿ ಉದುರಿದ ಹೂಗಳ ನಡುವೆ ಒಂದು ಗರಿ ಬಿದ್ದಿತ್ತು. ಕೈಬೆರಳುದ್ದ, ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಕಪ್ಪು. ಎತ್ತಿ ಅಂಗೈಲಿಟ್ಟುಕೊಂಡರೆ ಮೈಸೂರು ರೇಷ್ಮೆಯ ನೀಲಿ. ಅದನ್ನೇ ಸೂರ್ಯನಿಗೆ ಅಡ್ಡ ಹಿಡಿದು ಈಚೆಯಿಂದ ನೋಡಿದೆ. ನೀಲಿ ಮಾಯ! ಒಣಗಿದ ಎಲೆಯ ಹಾಗೆ ಮಾಸಲು ಕಂದು. ಕೈ ಇಳಿಸಿದರೆ ಮತ್ತೆ ನೀಲಿ. ಈ ನೀಲಿ ಬಣ್ಣವೇ ಅಲ್ಲ. ಗರಿಯೊಳಗಿನ ಅತಿಸಣ್ಣ ರಂಧ್ರಗಳ ರಚನೆಗೆ ಬೆಳಕು ತಾಗಿ, ಅದರಲ್ಲಿನ ನೀಲಿ ಮಾತ್ರ ನಮ್ಮತ್ತ ಚಿಮ್ಮುತ್ತದೆ. ಗರಿಯನ್ನು ಅರೆದು ಪುಡಿ ಮಾಡಿದರೆ ನೀಲಿ ಪುಡಿ ಸಿಗುವುದಿಲ್ಲ. ಗಿಳಿಯ ಹಸಿರಿನ ಗುಟ್ಟೂ ಇದೇ. ಗಿಳಿಗಳ ಮೈಯೇ ತಯಾರಿಸುವ ಒಂದು ಹಳದಿ ಬಣ್ಣವಿದೆ, ಈ ಬೆಳಕಿನ ನೀಲಿಯ ಮೇಲೆ ಆ ಹಳದಿ ಕೂತರೆ ಹಸಿರು. ಹಳದಿ ಕೂರದ ಜಾಗದಲ್ಲಿ ನೀಲಿ ಹಾಗೇ ಉಳಿಯುತ್ತದೆ. ನಮ್ಮ ಗಿಳಿಯ ರೆಕ್ಕೆ ಹಳದಿ ಮರೆತ ಹಸಿರು ಎನ್ನಬಹುದು. ಪುಸ್ತಕದ ನಡುವೆ ಇಟ್ಟುಕೊಳ್ಳುವ ಆಸೆಯಾಯಿತು. ಕಾಡುಹಕ್ಕಿಯ ಗರಿಯನ್ನೂ ಮನೆಗೆ ಒಯ್ಯುವಂತಿಲ್ಲ ಎನ್ನುತ್ತದೆ ಕಾಯ್ದೆ. ಇದ್ದಲ್ಲೇ ಇಟ್ಟು ಬಂದೆ.

ಆರಿದ್ರೆ ಮಳೆ ಮುಗಿದು ಪುನರ್ವಸು ಹಿಡಿದಾಗ ಮಾವನ ಫೋನ್ ಬಂತು. ಹೆಚ್ಚು ಮಾತಿಲ್ಲ. "ಎದ್ದಿದೆ. ನಾಳೆ ಬಂದ್ರೆ ಉಂಟು, ನಾಡಿದ್ದು ಬಂದ್ರೆ ಇಲ್ಲ."

ಮಲೆನಾಡಿನವರಿಗೆ ಅಣಬೆ ಬೆಳೆಯುವುದಿಲ್ಲ, ಏಳುತ್ತದೆ. ರಾತ್ರಿ ಗುಡುಗಿದರೆ ಬೆಳಗ್ಗೆ ಏಳುತ್ತದೆ ಎಂಬ ನಂಬಿಕೆ. ಗುಡುಗಿಗೂ ಅಣಬೆಗೂ ಏನು ಲೆಕ್ಕವೋ, ಗುಡುಗಿನ ಹಿಂದೆ ಬರುವ ಮಳೆಗಂತೂ ನೇರ ಲೆಕ್ಕವಿದೆ. ಅಕ್ಕಿ ಅಣಬೆ, ನುಚ್ಚಣಬೆ, ಕಲ್ಲಣಬೆ ಎಂದು ಹೆಸರು ಹೇಳುತ್ತಾ ಹೋದರೆ ಬೆರಳು ಸಾಲದು. ಅವುಗಳಲ್ಲಿ ದೊಡ್ಡಣ್ಣ ಹೆಗ್ಗಾಲಣಬೆ. ಕೊಡಗಿನಲ್ಲಿ ಅಣಬೆಗೆ ಕುಮ್ಮು ಎನ್ನುತ್ತಾರೆ, ಗಟ್ಟ ಇಳಿದರೆ ತುಳುವಿನಲ್ಲಿ ಲಾಂಬು. ಹೆಸರು ಯಾವುದಾದರೂ ಮಳೆಗಾಲದ ಬಾಯಿಚಪಲ ಒಂದೇ.

ಅದೇ ಕಾಲುಹಾದಿ ಗುರುತೇ ಸಿಗಲಿಲ್ಲ. ಫೆಬ್ರುವರಿಯ ಒಣ ಎಲೆಯ ಚರಪರ ಹೋಗಿ ಕಾಲಡಿಯಲ್ಲಿ ಕಿಚಪಿಚ. ಧೂಪದ ಮರ ಮಂಜಿನೊಳಗೆ ಎಲ್ಲೋ ಇತ್ತು. ಹೆಜ್ಜೆ ಎತ್ತುವಷ್ಟರಲ್ಲಿ ಇಂಬಳ. ಕಾಲಿಗೆ ಸುಣ್ಣ ತಂಬಾಕು ಬಳಿದುಕೊಂಡಿದ್ದೆ, ಮಳೆ ಅದನ್ನು ಐದೇ ನಿಮಿಷದಲ್ಲಿ ತೊಳೆಯಿತು. ಮುಂದೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಕೈಯಲ್ಲಿ ಕತ್ತಿ ಹಿಡಿದು, ತೋಟದ ಕೆಲಸಕ್ಕೆ ಬರುವ ಅಕ್ಕ. ಅಣಬೆ ವಿಚಾರದಲ್ಲಿ ಈ ಸುತ್ತಿನಲ್ಲಿ ಅವರದೇ ಕೊನೆಯ ಮಾತು, ಮಾವನೂ ಅವರ ಹಿಂದೆಯೇ ನಡೆಯುತ್ತಾರೆ.

"ಮೇಲೆ ಏನು ನೋಡ್ತೀರಣ್ಣ? ಹಕ್ಕಿ ಕಾಲ ಹೋಯ್ತು. ಕೆಳಗೆ ನೋಡಿ, ತುಳೀಬೇಡಿ."

ತುಳಿಯುವುದರಲ್ಲಿದ್ದೆ. ಅಗಳಿನ ಪಕ್ಕದ ಹುಲ್ಲಿನ ನಡುವೆ ನಲವತ್ತು ಐವತ್ತು ಬಿಳಿ ಕೊಡೆಗಳು. ಅರಳಿದವು ಊಟದ ತಟ್ಟೆಗಿಂತ ತುಸು ಸಣ್ಣ, ಅಂಚು ಅಲ್ಲಲ್ಲಿ ಸೀಳಿತ್ತು. ಅರಳದವು ಬುಗುರಿಯ ಹಾಗೆ ಮುಚ್ಚಿಕೊಂಡು, ನೆತ್ತಿಯ ಮೇಲೆ ಬೂದುಗಂದು ಬಣ್ಣದ ಮೊನೆ. ಆ ಮೊನೆಯನ್ನು ಬೆರಳಿನಿಂದ ಒತ್ತಿ ನೋಡಿದೆ, ಉಗುರಿನಷ್ಟು ಗಟ್ಟಿ. ಉಳಿದ ಮೈಯೆಲ್ಲ ಬೆಣ್ಣೆ. ಮಣ್ಣನ್ನು ತೂತು ಮಾಡಿಕೊಂಡು ಮೇಲೆ ಬರಲು ದೇವರು ಕೊಟ್ಟ ಹಾರೆ ಅದು.

ಅಕ್ಕ ಒಂದರ ಸುತ್ತ ಕತ್ತಿಯಿಂದ ಮಣ್ಣು ಸಡಿಲಿಸಿ, ಕೈ ತೂರಿಸಿ, ನಿಧಾನಕ್ಕೆ ಎಳೆಯತೊಡಗಿದರು. ಕಾಲು ಬಂತು, ಇನ್ನೂ ಬಂತು. ನೆಲದ ಮೇಲೆ ಒಂದು ಗೇಣಿದ್ದ ಅಣಬೆಗೆ ನೆಲದೊಳಗೆ ಮೊಳಕ್ಕೆ ಮಿಗಿಲಾದ ಬಾಲ, ಕೆಳಗೆ ಹೋಗುತ್ತ ಹೋಗುತ್ತ ಹಗ್ಗದ ತುದಿಯಂತೆ ಸಣ್ಣಗಾಗಿ ಟಪ್ಪೆಂದು ಕಡಿಯಿತು. ಹೆಗ್ಗಾಲು ಎಂದರೆ ದೊಡ್ಡ ಕಾಲು ತಾನೆ, ಹೆಸರಿಟ್ಟವರು ಅಗೆದು ನೋಡಿಯೇ ಇಟ್ಟಿದ್ದಾರೆ. ಹಸಿಮಣ್ಣು, ಹೊಸ ಹಿಟ್ಟು ಎರಡೂ ಬೆರೆತಂಥ ವಾಸನೆ.

"ತುದಿ ಎಲ್ಲಿಗೆ ಹೋಗತ್ತೆ ಅಕ್ಕಾ?"

"ಗೆದ್ದಲಿನ ಮನೆಗೆ."

ಹುತ್ತ ಅಲ್ಲಿ ಕಾಣುತ್ತಿರಲಿಲ್ಲ. ಎಲ್ಲ ಗೆದ್ದಲೂ ಹುತ್ತವನ್ನು ಮೇಲೆ ಎಬ್ಬಿಸುವುದಿಲ್ಲ, ಎಷ್ಟೋ ಗೂಡುಗಳು ನೆಲದಡಿಯಲ್ಲೇ ಇರುತ್ತವೆ. ಅಣಬೆ ಎದ್ದಿತೆಂದರೆ ಕೆಳಗೆ ಗೂಡಿದೆ ಎಂದೇ ಅರ್ಥ. ಅದರೊಳಗೆ ಏನು ನಡೆಯುತ್ತದೆ ಎಂಬುದನ್ನು, ತೋಟದ ರಸ್ತೆ ಅಗೆದಾಗ ಒಡೆದುಬಿದ್ದ ಒಂದು ಗೂಡಿನಲ್ಲಿ ಹಿಂದೊಮ್ಮೆ ಕಣ್ಣಾರೆ ನೋಡಿದ್ದೆ. ಮುಷ್ಟಿ ಗಾತ್ರದ, ಒಣಗಿದ ಸ್ಪಂಜಿನಂಥ, ಅಕ್ರೋಟಿನ ತಿರುಳಿನಂತೆ ಸುರುಳಿ ಸುರುಳಿಯಾದ ಉಂಡೆ. ಅದರ ಮೈತುಂಬ ಸಾಸಿವೆಗಿಂತ ಸಣ್ಣ ಬಿಳಿ ಮಣಿಗಳು. ಗೆದ್ದಲು ಒಣಕಟ್ಟಿಗೆ, ತರಗೆಲೆ ತಿಂದು ಬಂದು ಹಿಕ್ಕೆ ಹಾಕಿ ಈ ಉಂಡೆ ಕಟ್ಟುತ್ತದೆ. ಕಟ್ಟಿಗೆಯಲ್ಲಿನ ಅತಿ ಗಟ್ಟಿ ಅಂಶ ಅರಗಿಸುವ ಶಕ್ತಿ ಗೆದ್ದಲಿನ ಹೊಟ್ಟೆಗೆ ಸಾಲದು. ಆ ಕೆಲಸ ಅಣಬೆಗೆ ಬಿಟ್ಟಿದೆ. ಅಣಬೆಯ ಬೂಷ್ಟು ಉಂಡೆಯ ತುಂಬ ಹಬ್ಬಿ ಕಟ್ಟಿಗೆಯನ್ನು ಮೆದುಮಾಡಿ ಬಿಳಿ ಮಣಿ ಬಿಡುತ್ತದೆ. ಗೆದ್ದಲು ಮಣಿಯನ್ನೂ ತಿನ್ನುತ್ತದೆ, ಹಳತಾದ ಉಂಡೆಯನ್ನೂ ತಿನ್ನುತ್ತದೆ. ಬೇರೆ ಬೂಷ್ಟು ಬಂದರೆ ಕಳೆ ಕಿತ್ತಂತೆ ಕಿತ್ತೆಸೆಯುತ್ತದೆ. ಗೆದ್ದಲು ಬಿಟ್ಟುಹೋದ ಗೂಡಿನಲ್ಲಿ ಬೇರೊಂದು ಜಾತಿಯ ಶಿಲೀಂಧ್ರ ಕಪ್ಪು ಕಡ್ಡಿಗಳಾಗಿ ಎದ್ದು ಉಂಡೆಯನ್ನೆಲ್ಲ ನುಂಗಿಹಾಕುತ್ತದೆ.

ಮನುಷ್ಯ ಬೇಸಾಯ ಕಲಿತು ಹತ್ತು ಹನ್ನೆರಡು ಸಾವಿರ ವರ್ಷ ಆಗಿರಬಹುದು. ಗೆದ್ದಲಿನ ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ. ಆಫ್ರಿಕಾದ ಕಾಡಿನಲ್ಲಿ ಶುರುವಾಗಿ ಏಷ್ಯಾಕ್ಕೆ ಬಂದದ್ದು. ಅಂದಿನಿಂದ ಅಣಬೆಯೂ ಗೆದ್ದಲನ್ನು ಬಿಟ್ಟು ಬದುಕಿಲ್ಲ, ಆ ಗೆದ್ದಲೂ ಅಣಬೆಯನ್ನು ಬಿಟ್ಟು ಬದುಕಿಲ್ಲ. ಫ್ರಾನ್ಸಿನ ರೋಜರ್ ಹೈಮ್ 1942ರಲ್ಲಿ ಈ ಕುಲಕ್ಕೆ 'ಟರ್ಮಿಟೊಮೈಸಿಸ್' ಎಂದು ಹೆಸರಿಟ್ಟರು, ಗೆದ್ದಲಿನ ಅಣಬೆ ಎಂದೇ. ಅಕ್ಕ ಒಂದೇ ಮಾತಿನಲ್ಲಿ ಹೇಳಿದ್ದೂ ಅದನ್ನೇ. ಇದೇ ಕುಲದ ಒಂದು ಜಾತಿ ಜಾಂಬಿಯಾದಲ್ಲಿ ಒಂದು ಮೀಟರ್‌ವರೆಗೆ ಅಗಲವಾಗುತ್ತದೆ. ನಮ್ಮ ಕೊಪ್ಪೆಯ ಬದಲು ಅದನ್ನೇ ಹೊದ್ದುಕೊಂಡು ಹೋಗಬಹುದು.

ಈಗ ಮಾವನ ಪ್ರಶ್ನೆಯ ಉಳಿದರ್ಧ. ಮೇಲಿನ ಗಿಳಿ, ಕೆಳಗಿನ ಅಣಬೆ, ಎರಡಕ್ಕೂ ಸ್ವಂತ ಮನೆ ಇಲ್ಲ. ಎರಡೂ ಇನ್ನೊಬ್ಬರು ಕಟ್ಟಿದ್ದರಲ್ಲಿ ಬದುಕುವವು. ಆದರೆ ಇಬ್ಬರೂ ಒಂದೇ ಬಗೆಯ ಬಾಡಿಗೆದಾರರಲ್ಲ. ಗಿಳಿ ಬಾಡಿಗೆ ಕೊಡುವುದಿಲ್ಲ. ಮರಕುಟಿಗಕ್ಕೆ ಅದರಿಂದ ಮೂರು ಕಾಸಿನ ಉಪಕಾರವಿಲ್ಲ, ಮರಕ್ಕೂ ಇಲ್ಲ. ಅಣಬೆಯಾದರೆ ದಿನಾ ದುಡಿದು ಬಾಡಿಗೆ ಕಟ್ಟುತ್ತದೆ, ಮನೆಯವರ ಊಟವೇ ಅದರ ಕೈಯಲ್ಲಿ. ಇನ್ನೊಂದು ತಮಾಷೆ. ಗಿಳಿಯ ಜೋಡಿ ಚಳಿಗಾಲ ಮುಗಿಯುವುದರೊಳಗೆ ಮನೆ ಹುಡುಕಿಕೊಂಡು ಅಲೆಯುತ್ತದೆ. ಕೆಳಗಿನ ಲೋಕದಲ್ಲಿ ಇದು ತಿರುವುಮುರುವು. ಮೊದಲ ಮಳೆಗೆ ದೀಪದ ಸುತ್ತ ಮುತ್ತುವ ಈಸಲು ಹುಳು ಇದೆಯಲ್ಲ, ಅದು ಹೊಸ ಸಂಸಾರ ಹೂಡಲು ಹೊರಟ ಗೆದ್ದಲು. ಬಹುಪಾಲು ಜಾತಿಗಳಲ್ಲಿ ಅದು ತವರಿನಿಂದ ಅಣಬೆಯ ಬಿತ್ತನೆ ಕಟ್ಟಿಕೊಂಡು ಹೋಗುವುದಿಲ್ಲ, ಬರಿಗೈ. ರೆಕ್ಕೆ ಕಳಚಿ, ನೆಲ ಕೊರೆದು, ಮೊಟ್ಟೆ ಇಟ್ಟು, ಮೊದಲ ತಂಡದ ಕೂಲಿಗಳು ಹೊರಗೆ ಬರುವ ಹೊತ್ತಿಗೆ ಹಳೇ ಗೂಡುಗಳ ಮೇಲೆ ಅಣಬೆ ಎದ್ದು ಬೀಜಕಣ ಉದುರಿಸಿರುತ್ತದೆ. ಆ ಕೂಲಿಗಳು ತರಗೆಲೆಯ ಜೊತೆ ಅದನ್ನೂ ಒಳಗೆ ಹೊತ್ತೊಯ್ಯುತ್ತವೆ. ಅಂದರೆ ಇಲ್ಲಿ ಬಾಡಿಗೆದಾರನನ್ನು ಹುಡುಕಿಕೊಂಡು ಮನೆ ಮಾಲೀಕರೇ ಹೊರಡುತ್ತಾರೆ. ಬೆಂಗಳೂರಿನಲ್ಲಿ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ಎಣಿಸಿಕೊಟ್ಟವನಿಗೆ ಇದು ಹೊಟ್ಟೆಕಿಚ್ಚಿನ ವಿಷಯ.

ಇಬ್ಬರಿಗೂ ಪೇಟೆ ಸೇರಿದ ನೆಂಟರಿದ್ದಾರೆ. ಕೆಂಪು ಕೊರಳಪಟ್ಟಿಯ ಊರ ಗಿಳಿ ಬೆಂಗಳೂರಿನ ರಸ್ತೆ ಬದಿಯ ಮರ, ಹಳೇ ಕಟ್ಟಡದ ಗೋಡೆ ಯಾವುದರ ತೂತಾದರೂ ಸೈ ಎನ್ನುತ್ತದೆ. ಪಂಜರದಿಂದ ತಪ್ಪಿಸಿಕೊಂಡವು ಲಂಡನ್ನಿನ ಪಾರ್ಕುಗಳಲ್ಲೂ ಸಂಸಾರ ಹೂಡಿವೆ. ಅಣಬೆಯಲ್ಲಿ ಗುಂಡಿ ಅಣಬೆ, ಚಿಪ್ಪಣಬೆಗಳು ಅಂಥವು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಬೀಜ ತಂದು, ಹುಲ್ಲು ಬೇಯಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕತ್ತಲ ಕೋಣೆಯಲ್ಲಿ ನೇತುಹಾಕಿದರೆ ಚಿಪ್ಪಣಬೆ ಬಂದೇ ಬರುತ್ತದೆ. ಹೆಗ್ಗಾಲಣಬೆಯನ್ನು ಹಾಗೆ ಪಳಗಿಸಿ ಮಾರುಕಟ್ಟೆಗೆ ತರಲು ಯಾರಿಗೂ ಆಗಿಲ್ಲ. ಬೂಷ್ಟನ್ನು ಪ್ರಯೋಗಾಲಯದಲ್ಲಿ ಬೆಳೆಸಬಹುದು, ಕೊಡೆ ಎಬ್ಬಿಸುವುದು ಗೆದ್ದಲಿಲ್ಲದೆ ಕಷ್ಟ. ನೀಲಿ ರೆಕ್ಕೆಯ ಗಿಳಿಯೂ ಹಾಗೇ, ಗಟ್ಟ ಬಿಟ್ಟು ಬರಲೊಲ್ಲದು.

ಅಗಳಿನ ಕೊನೆಗೆ ಎದೆಮಟ್ಟದ ಹುತ್ತವೊಂದಿದೆ. ಫೆಬ್ರುವರಿಯಲ್ಲಿ ಅದರ ಪಕ್ಕದ ಬೇಲಿಯಾಚೆ ಇನ್ನೂ ಮೂರಿದ್ದವು. ಅದು ಬೇರೆಯವರ ತೋಟ. ಜುಲೈಗೆ ಅವು ಮಾಯ, ಜಾಗ ಸಪಾಟು, ಜೆಸಿಬಿ ಹಲ್ಲಿನ ಗುರುತು ಮಳೆಗೂ ಅಳಿಸಿರಲಿಲ್ಲ. ಹೊಸ ಗಿಡ ಕೂರಿಸಲು ಸಮ ಮಾಡಿದ್ದಾರೆ. ತಪ್ಪೇನೂ ಅಲ್ಲ, ಅವರ ನೆಲ. ಗಿಳಿ ಹಿಡಿದು ಪಂಜರಕ್ಕೆ ಹಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಾಗಿಲು ತಟ್ಟುತ್ತದೆ. ಅಣಬೆಗೆ ಆ ಕಾಯ್ದೆಯ ಪಟ್ಟಿಗಳಲ್ಲಿ ಹೆಸರಿಲ್ಲ, ಗೆದ್ದಲಿಗಂತೂ ಮದ್ದು ಹೊಡೆಯುವುದಷ್ಟೇ ನಮಗೆ ಗೊತ್ತಿರುವ ಕಾಯ್ದೆ. ಹಾಗೆ ನೋಡಿದರೆ ಗಿಳಿಗೆ ರಕ್ಷಣೆ ಉಂಟು, ಅದರ ಪೊಟರೆಗೆ ತೋಟದೊಳಗೆ ಇಲ್ಲ. ಮುದಿ ಮರವನ್ನು "ಒಣಗಿದೆ, ತಲೆ ಮೇಲೆ ಬೀಳತ್ತೆ" ಎಂದು ಕೆಡವುವುದು ಸುಲಭ.

ಈಚೆ ಕಡೆಯ ಎದೆಮಟ್ಟದ ಹುತ್ತ ಉಳಿದದ್ದು ಹೇಗೆ? ಅದರ ನೆತ್ತಿಯ ಮೇಲೆ ಅರಿಸಿನ, ಕುಂಕುಮ, ಬಾಡಿದ ಕೇದಗೆಯ ಎಸಳು. ನಾಗರ ಪಂಚಮಿಗೆ ಅತ್ತೆ ಹಾಲೆರೆಯುವ ಹುತ್ತ ಅದು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತು ಎಂದು ನಾವು ಹಾವನ್ನು ಬೈಯುವ ಗಾದೆ ಮಾಡಿಕೊಂಡಿದ್ದೇವೆ. ಇಲ್ಲಿ ನೋಡಿದರೆ ಹಾವಿನ ಹೆಸರಲ್ಲೇ ಗೆದ್ದಲೂ ಬದುಕಿದೆ, ಅಣಬೆಯೂ ಬದುಕಿದೆ. "ನಾಗಪ್ಪ ಇರೋ ಜಾಗಕ್ಕೆ ಯಾವ ಜೆಸಿಬಿ ಡ್ರೈವರ್ರೂ ಕೈ ಹಾಕಲ್ಲ," ಅಂದರು ಮಾವ. ಹಾವನ್ನು ಅವರು ಅಲ್ಲಿ ಒಮ್ಮೆಯೂ ಕಂಡಿಲ್ಲವಂತೆ.

ಅಕ್ಕ ಎಲ್ಲವನ್ನೂ ಕೀಳಲಿಲ್ಲ. ಪೂರ್ತಿ ಅರಳಿ ಜೋತುಬಿದ್ದವನ್ನು ಬಿಟ್ಟರು. ರುಚಿ ಇಲ್ಲ ಎಂಬುದು ಅವರ ಕಾರಣ. ಬೀಜಕಣ ಉದುರಿಸುವ ಸಂಸಾರಸ್ಥರು ಅವೇ ಎಂಬುದು ನನ್ನ ಸಮಾಧಾನ. ದಾರಿಯಲ್ಲಿ ಸಗಣಿಗುಂಡಿಯ ಹತ್ತಿರ ಅಂಥದೇ ಬಿಳಿ ಕೊಡೆಗಳು ಕಂಡು ನಾನು ಬಗ್ಗಿದ್ದೆ. ಅಕ್ಕ ಕೈಹಿಡಿದು ನಿಲ್ಲಿಸಿದರು. ಒಂದನ್ನು ತಿರುಗಿಸಿ ತೋರಿಸಿದರು, ಕೊಡೆಯ ಅಡಿಯ ಪದರಗಳಲ್ಲಿ ಮಾಸಲು ಹಸಿರು. ತಿಂದರೆ ವಾಂತಿಭೇದಿ ಹಿಡಿಸುವ ಜಾತಿ ಅದು. ಎಳೆಯದಿದ್ದಾಗ ಅದೂ ಬಿಳಿ ಬಿಳಿಯೇ, ಕಾಲು ಎಳೆದು ನೋಡಿದರೆ ಮಾತ್ರ ಆ ಉದ್ದನೆಯ ಬಾಲ ಇಲ್ಲ. ಬೇಯಿಸುವಾಗ ಬೆಳ್ಳುಳ್ಳಿ ಹಾಕಿ, ಕಪ್ಪಾದರೆ ವಿಷ, ಇಲ್ಲದಿದ್ದರೆ ಅಲ್ಲ ಎಂಬ ಪರೀಕ್ಷೆ ಎಷ್ಟೋ ಮನೆಗಳಲ್ಲಿದೆ. ಅದನ್ನು ನಂಬಿ ಆಸ್ಪತ್ರೆ ಸೇರಬೇಡಿ. ಅಣಬೆಯ ವಿಷಕ್ಕೆ ಬೆಳ್ಳುಳ್ಳಿಯ ಪರಿಚಯವಿಲ್ಲ. ಅಕ್ಕನಂಥವರ ಪರಿಚಯವಿದ್ದರೆ ತಿನ್ನಿ, ಇಲ್ಲದಿದ್ದರೆ ನೋಡಿ ಬನ್ನಿ.

ಅತ್ತೆ ಅಣಬೆಯ ಬಾಲ ಹೆರೆದು, ಮಣ್ಣು ಹೋಗುವಂತೆ ಏಳೆಂಟು ನೀರಿನಲ್ಲಿ ತೊಳೆದು, ಕೈಯಲ್ಲೇ ಎಳೆಎಳೆಯಾಗಿ ಸೀಳಿದರು. ಹುರಿದ ಕೊತ್ತಂಬರಿ, ಮೆಣಸು, ಕಾಯಿ ರುಬ್ಬಿ ಸಾರು, ಜೊತೆಗೆ ಅಕ್ಕಿ ರೊಟ್ಟಿ. ಕೋಳಿ ಸಾರಿನ ಹಾಗಿದೆ ಅಂದೆ. "ಕೋಳಿ ಯಾವತ್ತೂ ಸಿಗತ್ತೆ, ಅದಕ್ಕೂ ಇದಕ್ಕೂ ಹೋಲಿಸ್ಬೇಡಪ್ಪ," ಅಂದರು ಅತ್ತೆ.

ಸಾರಿಗೆ ಹಾಕುವ ಮುನ್ನ ಅರಳಿದ ಒಂದು ಕೊಡೆಯನ್ನು ನಾನು ಕದ್ದಿಟ್ಟುಕೊಂಡಿದ್ದೆ. ಕಾಲು ಕತ್ತರಿಸಿ, ಕ್ಯಾಲೆಂಡರಿನ ಹಿಂಬದಿಯ ಬಿಳಿ ಹಾಳೆಯ ಮೇಲೆ ಅಡಿ ಕೆಳಗೆ ಮಾಡಿ ಇಟ್ಟು, ಮೇಲೆ ಪಾತ್ರೆ ಕವುಚಿದೆ. ಬೆಳಗ್ಗೆ ಪಾತ್ರೆ ತೆಗೆದು, ಕೊಡೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿದರೆ ಹಾಳೆಯ ಮೇಲೆ ಅದರ ಅಚ್ಚು. ನಡುವಿನಿಂದ ಅಂಚಿಗೆ ಹರಿದ ನೂರಾರು ನವುರಾದ ಗೆರೆ. ಅಷ್ಟು ಬಿಳಿಯ ಅಣಬೆಯಿಂದ ಉದುರಿದ ಪುಡಿ ತೆಳು ಗುಲಾಬಿ! ಸೂರ್ಯನಿಗೆ ಅಡ್ಡ ಹಿಡಿದ ನೀಲಿ ಗರಿ ನೆನಪಾಯಿತು. ಬಣ್ಣವಿದೆ ಎಂದುಕೊಂಡಲ್ಲಿ ಇರಲಿಲ್ಲ, ಇಲ್ಲ ಎಂದುಕೊಂಡಲ್ಲಿ ಇತ್ತು. ಮಾವನಿಗೆ ತೋರಿಸಲು ಕರೆದೆ. ಅವರು ಕನ್ನಡಕ ಹಾಕಿ ಬಗ್ಗಿ ನೋಡುವಷ್ಟರಲ್ಲಿ ಉಸಿರು ತಾಗಿ ಅರ್ಧ ಗೆರೆ ಹಾರಿಹೋಯಿತು. ಉಳಿದರ್ಧವನ್ನು ಅವರೇ ಹಾಳೆ ಸಮೇತ ಒಯ್ದು, ಎದೆಮಟ್ಟದ ಹುತ್ತದ ಬುಡದ ತರಗೆಲೆಯ ಮೇಲೆ ಕೊಡವಿ ಬಂದರು. ಕ್ಯಾಲೆಂಡರಿನ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ಹೊರಡುವಾಗ ಜೀಪಿನ ಹಾದಿಯವರೆಗೂ ಬಂದರು. ಮಂಜಿನೊಳಗೆ ಎಲ್ಲೋ ಎರಡೆರಡು ಸಲ ಕತ್ತರಿಸಿದಂಥ ಆ ಕೂಗು ಕೇಳಿಸಿತು. ಇಬ್ಬರೂ ಕತ್ತೆತ್ತಿದೆವು, ಕಾಣಲಿಲ್ಲ.

"ಪತ್ರಿಕೆಗೆ ಬರೀತೀಯಲ್ಲ," ಅಂದರು ಮಾವ, "ಗಿಳಿ ವಿಷ್ಯ ಎಷ್ಟು ಬೇಕಾದ್ರೂ ಬರಿ. ಅಣಬೆ ಏಳೋ ಜಾಗ ಬರೀಬೇಡ. ನಾನು ನನ್ನ ಮಗನಿಗೇ ಇನ್ನೂ ಹೇಳಿಲ್ಲ."

ಸ್ಥಳ ಪರಿಚಯ ಬರೆಯುವವನು ಸ್ಥಳ ಹೇಳದಿದ್ದರೆ ಹೇಗೆ ಎಂದು ಆಮೇಲೆ ತಲೆಕೆಡಿಸಿಕೊಂಡೆ. ಆದ್ದರಿಂದ ಬಿಸಿಲೆಗೆ ಹೋಗುವವರಲ್ಲಿ ಒಂದು ಅರಿಕೆ. ಊರು ದಾಟಿದ ಮೇಲೆ ಮೂರನೇ ತಿರುವು, ಎಡಕ್ಕೆ ಎಂದು ಬರೆದಿದ್ದೇನಲ್ಲ, ಅದು ಮೂರನೆಯದೂ ಅಲ್ಲ, ಎಡಕ್ಕೂ ಅಲ್ಲ.